ಉಸಿರು ಕಟ್ಟಿದ ಪದರ

"ಇದು ನಿನ್ನದೇ ಹಸು ಕಣೇ," ಎಂದಳು ಸೆಲ್ಲೋವಾನೆ, ಸೂಕ್ಷ್ಮದರ್ಶಕದಿಂದ ಕಣ್ಣು ಕೀಳದೆ.

ಕೆನೆವೆಯ ಕೈಯಲ್ಲಿದ್ದ ಚಹಾದ ಲೋಟ ಮೇಜಿನ ಮೇಲೆ ಕುಕ್ಕಿ ಕೂತಿತು. "ಏನಂದ್ರಿ ಚಿಕ್ಕಮ್ಮ?"

"ಯಾರೂ ಹಸು ಬದಲಾಯಿಸಿಲ್ಲ ಅಂದೆ. ಅದೇ ಹಸು. ಹಾಲು ಬತ್ತಿದೆ, ಅಷ್ಟೇ."

ಗಾಜಿನ ಮೇಲೆ ಮಲಗಿದ್ದದ್ದು ಹಸುವಲ್ಲ, ಕಿರುಬೆರಳ ಉಗುರಿನಷ್ಟು ಅಗಲದ ಕಪ್ಪು ಚೂರು. ಅದರ ಮೈಮೇಲೆ ಬರಿಗಣ್ಣಿಗೆ ದಕ್ಕದಷ್ಟು ತೆಳುವಾದ ಆಕ್ಸೈಡ್ ಪದರ. ಹೋದ ವಾರ ಹೊರಗಿನ ಪರೀಕ್ಷಕರ ಮುಂದೆ ಅಳೆದಾಗ ಕೆನೆವೆ ಬರೆದಿದ್ದ ಆಯಸ್ಕಾಂತದ ಗುಣ ಅದರಲ್ಲಿ ಹೆಸರಿಗೂ ಇರಲಿಲ್ಲ. ಹುಡುಗಿ ಅಂಕಿಗಳನ್ನು ಕೂತು ಕಟ್ಟಿದ್ದಾಳೆ ಎಂಬ ಮಾತು ಅಂದಿನಿಂದ ಮಾಲೂಟಿ ವಿಜ್ಞಾನ ಸಂಸ್ಥೆಯ ತುಂಬ ಓಡಾಡುತ್ತಿತ್ತು. ಸೋಮವಾರ ಸಮಿತಿ ಕೂರುತ್ತದೆ. ಅಷ್ಟರೊಳಗೆ ಬೇರೆ ಉತ್ತರ ಸಿಗದಿದ್ದರೆ ಡಾಕ್ಟರೇಟ್ ಹೋಗುತ್ತದೆ, ಜೊತೆಗೆ ಹೆಸರೂ ಹೋಗುತ್ತದೆ.

"ಯಾರೋ ಪದರ ಬದಲಾಯಿಸಿಟ್ಟಿದಾರೆ ಅಂತ ನಾನು ಎಲ್ಲರ ಮುಂದೆ ಕೂಗಿ ಹೇಳಿದೀನಿ," ಎಂದಳು ಕೆನೆವೆ. "ಬದಲಾಗಿಲ್ಲ ಅಂದ್ರೆ ನಾನು ಸುಳ್ಳಿ ಅಂತಾಯ್ತು. ನೀವೂ ಅದನ್ನೇ ಹೇಳೋಕೆ ಬಂದ್ರಾ?"

"ಬಾಯಿಗೆ ಬಂದದ್ದು ಮಾತಾಡ್ಬೇಡ. ಇಲ್ಲಿ ಬಂದು ನೋಡು."

ಸೆಲ್ಲೋವಾನೆ ಮೊತಾವುಂಗ್ ಪೊಲೀಸ್ ಕೆಲಸದಲ್ಲಿ ಇದ್ದಷ್ಟು ಕಾಲವೂ ದನಗಳ್ಳರ ಹಿಂದೆ ಅಲೆದವಳು. ಬೆಟ್ಟ ದಾಟಿಸಿ ತಂದ ಹಸುವಿಗೆ ಹೊಸ ಬರೆ ಎಳೆದು, ಕಿವಿಗೆ ಹೊಸದಾಗಿ ಕತ್ತರಿ ಹಾಕಿ, ಇದು ನಮ್ಮಪ್ಪನ ಕಾಲದ್ದು ಎಂದು ಆಣೆ ಇಡುವವರನ್ನು ನೋಡಿ ನೋಡಿ ಅವಳಿಗೆ ಮನುಷ್ಯರ ಬಾಯಿಗಿಂತ ಹಸುವಿನ ಕಿವಿಯ ಮೇಲೆ ನಂಬಿಕೆ. ನಿವೃತ್ತಿಯಾದ ಮೇಲೆ ಚರ್ಚಿನ ಗಾಯನ, ಹಿತ್ತಲ ಸೊಪ್ಪು, ತೀರಿಕೊಂಡ ಅಕ್ಕ ಮಡಿಲಿಗೆ ಹಾಕಿಹೋದ ಈ ಮಗಳು, ಇಷ್ಟೇ ಅವಳ ಲೋಕ. ಪರಮಾಣು ಎಂದರೇನು ಎಂದು ಯಾರೂ ಅವಳನ್ನು ಕೇಳಿರಲಿಲ್ಲ, ಅವಳಿಗೂ ಅದರ ಗೊಡವೆ ಇರಲಿಲ್ಲ.

"ಈ ಮೂಲೆ ನೋಡು. ನೇರವಾಗಿ ಮುರಿದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮುರಿದಿದೆ. ಪದರ ಬೆಳೆಸಿದ ದಿನ ಬ್ಲೇಡಿಂದ ಎಬ್ಬಿಸುವಾಗ ಮೂಲೆ ಹೋಯ್ತು ಅಂತ ನೀನು ಊಟ ಬಿಟ್ಟು ಕೂತಿದ್ದೆ. ಫೋಟೋ ತೋರಿಸಿ ತೋರಿಸಿ ನನ್ನ ತಲೆ ತಿಂದಿದ್ದೆ. ತೆಗಿ ಆ ಫೋಟೋನ."

ಕೆನೆವೆ ಫೋನು ತೆಗೆದಳು. ಫೋಟೋ ನೋಡಿದಳು, ಕಣ್ಣನ್ನು ಸೂಕ್ಷ್ಮದರ್ಶಕಕ್ಕೆ ಹಚ್ಚಿದಳು, ಮತ್ತೆ ಫೋಟೋ ನೋಡಿದಳು. ಆಮೇಲೆ ಹತ್ತಿರವಿದ್ದ ಸ್ಟೂಲನ್ನು ಎಳೆದುಕೊಂಡು ಕೂತಳು. ಅವಮಾನವಾದ ದಿನದಿಂದ ಆ ಚೂರನ್ನು ಅವಳು ಮುಟ್ಟಿಯೂ ಇರಲಿಲ್ಲ.

"ನನ್ನದೇ," ಎಂದಳು. "ಹಂಗಾದ್ರೆ ಇದು ಹೇಗೆ ಸತ್ತೋಯ್ತು?"

"ಹಸು ಯಾತಕ್ಕೆ ಹಾಲು ಬತ್ತಿಸಿಕೊಳ್ಳುತ್ತೆ ಅನ್ನೋದು ನನಗೆ ಗೊತ್ತು. ಇದರ ಕಥೆ ನಿನಗೆ ಗೊತ್ತಿರ್ಬೇಕು."

ಬಾಗಿಲು ತಳ್ಳಿಕೊಂಡು ಪ್ರೊಫೆಸರ್ ಲೆಬೋನಾ ಒಳಗೆ ಬಂದರು. ಒಂದು ಕೈಯಲ್ಲಿ ಕಾಗದದ ಪೊಟ್ಟಣ, ಅದರಿಂದ ಬಿಸಿ ಬಿಸಿ ಮಕ್ವೆನ್ಯಾದ, ಕರಿದ ಹಿಟ್ಟಿನುಂಡೆಯ, ಎಣ್ಣೆ ವಾಸನೆ. ಇನ್ನೊಂದು ಕೈಯಲ್ಲಿ ಮೊಟ್ಟೆಯ ಟ್ರೇ. ಪ್ರಯೋಗಾಲಯದ ಮುಖ್ಯಸ್ಥರು ಶನಿವಾರ ಮಧ್ಯಾಹ್ನ ಮೊಟ್ಟೆ ಹೊತ್ತು ತಿರುಗುವುದು ಈ ಕಟ್ಟಡದಲ್ಲಿ ಯಾರಿಗೂ ಹೊಸದಲ್ಲ. ಹೆಂಡತಿ ಹೋದ ಮೇಲೆ ಅವರಿಗೆ ಕೋಳಿಗಳೇ ಸಂಸಾರ. ಮೊಟ್ಟೆಯಲ್ಲಿ ಹೆಚ್ಚಿನ ಪಾಲು ಸೆಲ್ಲೋವಾನೆಯ ಮನೆಗೇ ಹೋಗುತ್ತದೆ ಎಂಬುದೂ ಯಾರಿಗೂ ಹೊಸದಲ್ಲ.

"ದನದ ಪೊಲೀಸರು ನಮ್ಮ ಪ್ರಯೋಗಾಲಯಕ್ಕೆ ದಯಮಾಡಿಸಿದಾರೆ," ಎಂದರು. "ಸಗಣಿ ಏನಾದ್ರೂ ಸಿಕ್ತಾ ಮ್ಮೆ ಮೊತಾವುಂಗ್?"

"ಇನ್ನೂ ಇಲ್ಲ, ಮೊದಲು ನಿಮ್ಮ ಬೂಟಿನ ಕೆಳಗೇ ಹುಡುಕ್ತೀನಿ, ನ್ತಾತೆ ಲೆಬೋನಾ. ಕೂತ್ಕೊಳ್ಳಿ."

ಅಮ್ಮ ಎಂಬರ್ಥದ ಮ್ಮೆ, ಅಪ್ಪ ಎಂಬರ್ಥದ ನ್ತಾತೆ, ಇಷ್ಟು ವರ್ಷವಾದರೂ ಇಬ್ಬರ ನಡುವೆ ಈ ಮರ್ಯಾದೆಯ ಕರೆಗಳೇ. ಲೆಬೋನಾ ನಕ್ಕರು. ನಗುವಾಗ ಅವರ ಕಣ್ಣು ಪೂರ್ತಿ ಮುಚ್ಚಿಹೋಗುತ್ತಿತ್ತು. ಸೆಲ್ಲೋವಾನೆಗೆ ಆ ನಗು ಇಷ್ಟ. ಈ ವಯಸ್ಸಿನಲ್ಲಿ ಇಷ್ಟ ಎಂದು ಬಾಯಿಬಿಟ್ಟು ಹೇಳಿಕೊಳ್ಳಲಾಗದಷ್ಟು ಇಷ್ಟ.

"ಪದರ ಬದಲಾಗಿಲ್ಲ ಪ್ರೊಫೆಸರ್," ಎಂದಳು ಕೆನೆವೆ. "ನನ್ನದೇ ಇದು. ಎಕ್ಸ್-ರೇಗೆ ಹಾಕ್ತೀನಿ. ಪರಮಾಣುಗಳು ಕೂತ ಜಾಗದಲ್ಲೇ ಕೂತಿದಾವೋ ಇಲ್ವೋ ತಿಳಿಯುತ್ತೆ."

ಲೆಬೋನಾ ಬಿಚ್ಚುತ್ತಿದ್ದ ಪೊಟ್ಟಣವನ್ನು ಮತ್ತೆ ಮಡಿಚಿಟ್ಟರು. "ಹಾಕಮ್ಮ. ನೋಡೇಬಿಡೋಣ."

ಎಕ್ಸ್-ರೇ ಯಂತ್ರ ಪಕ್ಕದ ಗಾಜಿನ ಪೆಟ್ಟಿಗೆಯಲ್ಲೇ ಇತ್ತು. ಕೆನೆವೆ ಪದರವನ್ನು ಅದರೊಳಗೆ ಕೂರಿಸಿ ಬಾಗಿಲು ಮುಚ್ಚಿದಳು. ಪರದೆಯ ಮೇಲೆ ಗೆರೆಯೊಂದು ಎಡದಿಂದ ಬಲಕ್ಕೆ ನಿಧಾನವಾಗಿ ಹೊರಟಿತು. ಇನ್ನು ಕಾಯುವುದಷ್ಟೇ ಕೆಲಸ.

"ಅಲ್ಲಿವರೆಗೆ ನನಗೂ ಒಂದಿಷ್ಟು ಹೇಳು," ಎಂದಳು ಸೆಲ್ಲೋವಾನೆ. "ಈ ಪದರದಲ್ಲಿ ಅಂಥದ್ದೇನಿದೆ, ನಿನ್ನ ಊಟ ನಿದ್ದೆ ಎಲ್ಲ ಕೆಡಿಸೋ ಅಂಥದ್ದು?"

ಕೆನೆವೆ ಮೊಟ್ಟೆಯ ಟ್ರೇ ಎಳೆದುಕೊಂಡಳು. ಲೆಬೋನಾರ ಕೋಳಿಗಳಲ್ಲಿ ಕೆಲವು ಬಿಳಿ ಮೊಟ್ಟೆ ಇಡುತ್ತಿದ್ದವು, ಕೆಲವು ಕಂದು. ಅವಳು ಟ್ರೇ ಪೂರ್ತಿ ಖಾಲಿ ಮಾಡಿ, ಒಂದು ಬಿಳಿ, ಒಂದು ಕಂದು, ಒಂದು ಬಿಳಿ, ಹೀಗೆ ಜೋಡಿಸತೊಡಗಿದಳು.

"ಬಿಳೀದು ನಿಕಲ್ ಅಂದ್ಕೊಳ್ಳಿ, ಕಂದು ಮ್ಯಾಂಗನೀಸ್. ನೋಡಿ, ಪ್ರತಿ ಬಿಳಿ ಪಕ್ಕ ಎಲ್ಲ ಕಡೆ ಕಂದೇ. ಪ್ರತಿ ಕಂದು ಪಕ್ಕ ಬಿಳೀನೇ. ಎರಡರ ನಡುವೆ ಆಕ್ಸಿಜನ್ ನಿಂತು ಇಬ್ಬರ ಕೈಯನ್ನೂ ಹಿಡ್ಕೊಂಡಿರುತ್ತೆ. ಹೀಗೆ ಕೂತಾಗ ಎಲ್ಲ ಒಂದೇ ದಿಕ್ಕಿಗೆ ಮುಖ ಮಾಡ್ತವೆ. ಎಲ್ಲ ಒಂದೇ ದಿಕ್ಕು ಅಂದ್ರೆ ಆಯಸ್ಕಾಂತ."

"ಗಲಿಬಿಲಿಯಾಗಿ ಕೂತ್ರೆ?"

ಕೆನೆವೆ ಎರಡು ಕಂದು ಮೊಟ್ಟೆಗಳನ್ನು ಪಕ್ಕಪಕ್ಕ ತಂದಳು. "ಒಂದೇ ಜಾತಿಯವು ಪಕ್ಕದಲ್ಲಿ ಬಂದ್ರೆ ಒಂದಕ್ಕೊಂದು ಮುಖ ತಿರುಗಿಸಿಕೊಳ್ತವೆ."

"ವಾರಗಿತ್ತಿಯರ ಹಂಗೆ."

"ಹ್ಞೂಂ, ಹಂಗೇ. ಅದೇ ಸಾಮಾನು, ಅದೇ ಅಳತೆ. ಕೂತ ಕ್ರಮ ಕೆಟ್ಟರೆ ಗುಣ ಕೆಟ್ಟಂಗೆ. ಬೇರೆಯವರ ಪದರಗಳು ಕೊರೆಯೋ ಚಳಿಯಲ್ಲಿಟ್ಟಾಗ ಮಾತ್ರ ಆಯಸ್ಕಾಂತ. ನನ್ನದು ಮಂಜುಗಡ್ಡೆ ಕರಗಿದ ಮೇಲೂ ಬಿಟ್ಟುಕೊಡ್ಲಿಲ್ಲ. ಇನ್ನೂ ಒಂದಿದೆ. ಹತ್ತಿರ ಆಯಸ್ಕಾಂತ ತಂದ್ರೆ ಇದು ವಿದ್ಯುತ್ತನ್ನ ಹಿಡಿದಿಟ್ಟುಕೊಳ್ಳೋ ರೀತೀನೇ ಬದಲಾಗ್ತಿತ್ತು. ಒಂದನ್ನ ಮುಟ್ಟಿದ್ರೆ ಇನ್ನೊಂದು ಮಾತಾಡುತ್ತೆ. ಅದಕ್ಕೇ ಚಿಕ್ಕಮ್ಮ ಇಷ್ಟೆಲ್ಲ ಗಲಾಟೆ."

ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳಿತ್ತು. ವಾರದಿಂದ ಕಾಣದ ಆ ಮುಖವನ್ನು ಸೆಲ್ಲೋವಾನೆ ಕಣ್ತುಂಬ ನೋಡಿದಳು. ಮೊಟ್ಟೆಯ ಲೆಕ್ಕ ಅರ್ಥವಾಯಿತೋ ಬಿಟ್ಟಿತೋ, ಮಗಳು ಮತ್ತೆ ಮಾತಾಡಿದಳಲ್ಲ, ಅವಳಿಗೆ ಅಷ್ಟು ಸಾಕಾಗಿತ್ತು.

"ತೆಳುಪದರದಲ್ಲಿ ಇಷ್ಟು ಶಿಸ್ತು ಸಾಧ್ಯವೇ ಇಲ್ಲ ಅಂತ ನನಗೆ ಪಾಠ ಮಾಡಿದೋರು ಇವರೇ," ಎಂದು ಕೆನೆವೆ ಲೆಬೋನಾರ ಕಡೆ ಬೆರಳು ತೋರಿಸಿದಳು.

"ಪಾಠ ಮಾಡಿದ್ದೆ, ಪುಸ್ತಕಾನೂ ಬರೆದಿದ್ದೆ," ಎಂದರು ಲೆಬೋನಾ. "ಶಿಷ್ಯೆ ಒಂದು ಚೂರು ತಂದಿಟ್ಟು ಎಲ್ಲಾನೂ ಒಲೆಗೆ ಹಾಕಿಸಿದ್ಲು. ಇರ್ಲಿ, ಚಳಿಗಾಲಕ್ಕೆ ಸೌದೆ ಆಯ್ತು."

ಮೂವರೂ ನಕ್ಕರು. ಅಷ್ಟರಲ್ಲಿ ಪರದೆಯ ಗೆರೆ ಒಂದು ದೊಡ್ಡ ಶಿಖರ ಏರಿ ಇಳಿದಿತ್ತು. ಕೆನೆವೆ ನಗು ನಿಲ್ಲಿಸಿ ಎದ್ದು ನಿಂತಳು.

"ಈಗ ಬರೋದೇ ಮುಖ್ಯ. ಒಂದು ಬಿಟ್ಟು ಒಂದು ಕೂತಿದ್ರೆ, ಎರಡು ದೊಡ್ಡ ಶಿಖರದ ನಡುವೆ ಒಂದು ಪುಟ್ಟ ಉಬ್ಬು ಏಳ್ಬೇಕು. ಗಲಿಬಿಲಿಯಾಗಿದ್ರೆ ಏನೂ ಏಳಲ್ಲ."

ಗೆರೆ ನೆಲಕ್ಕಂಟಿ ಹೋಯಿತು. ಹೋಯಿತು, ಹೋಯಿತು. ಕೆನೆವೆ ಚಿಕ್ಕಮ್ಮನ ಭುಜ ಹಿಡಿದಿದ್ದಳು, ಬೆರಳುಗಳು ಚರ್ಮಕ್ಕೆ ಇಳಿಯುವಷ್ಟು ಗಟ್ಟಿಯಾಗಿ. ಗೆರೆ ಚೂರು ತಲೆ ಎತ್ತಿತು. ಇನ್ನೂ ಚೂರು ಎತ್ತಿ, ಪುಟ್ಟದೊಂದು ಉಬ್ಬು ಮಾಡಿ, ಮತ್ತೆ ಇಳಿಯಿತು.

"ಇದಾವೆ," ಎಂದಳು ಕೆನೆವೆ, ಅಳುತ್ತಾ. "ಎಲ್ಲ ತಂತಮ್ಮ ಜಾಗದಲ್ಲೇ ಇದಾವೆ ಚಿಕ್ಕಮ್ಮ. ನಿಕಲ್ಲು ಮ್ಯಾಂಗನೀಸು ಒಂದೂ ಅಲ್ಲಾಡಿಲ್ಲ. ನಾನು ಸುಳ್ಳು ಬರೆದಿರ್ಲಿಲ್ಲ."

"ನೀನು ಬರೆದಿಲ್ಲ ಅನ್ನೋದಕ್ಕೆ ನನಗೆ ಈ ಉಬ್ಬು ಬೇಕಿರ್ಲಿಲ್ಲ. ಮೂಗು ಒರೆಸ್ಕೋ. ಎಲ್ಲ ಇದ್ದ ಹಾಗೇ ಇದ್ರೆ ಹೋದದ್ದೇನು?"

ಕೆನೆವೆ ಟ್ರೇಯನ್ನೇ ನೋಡುತ್ತಾ ನಿಂತಳು. ಅವಳ ಬೆರಳು ಎರಡು ಮೊಟ್ಟೆಗಳ ನಡುವಿನ ಸಂದಿಯ ಮೇಲೆ ಹೋಗಿ ನಿಂತಿತು.

"ಆಕ್ಸಿಜನ್," ಎಂದಳು. "ಕೈ ಹಿಡ್ಕೊಂಡಿದ್ದದ್ದು ಹೋಗಿದೆ. ಯಾರೋ ಇದನ್ನ ಆಕ್ಸಿಜನ್ ಇಲ್ದೆ, ಬರೀ ನಿರ್ವಾತದಲ್ಲಿ ಕಾಯಿಸಿದಾರೆ. ಕಾದಾಗ ಪದರದ ಆಕ್ಸಿಜನ್ ಹೊರಗೆ ಹೋಗಿಬಿಡುತ್ತೆ. ಉಸಿರು ಕಟ್ಟಿದೆ ಇದಕ್ಕೆ, ಸತ್ತಿಲ್ಲ."

"ಮತ್ತೆ ಉಸಿರು ಕೊಡಬಹುದಾ?"

"ಪದರ ಬೆಳೆಸೋ ಉಕ್ಕಿನ ಕೋಶದಲ್ಲಿ ಆಕ್ಸಿಜನ್ ತುಂಬಿಸಿ ಕಾಯಿಸಿ ನಿಧಾನಕ್ಕೆ ಆರಿಸಿದ್ರೆ ಬರುತ್ತೆ. ಬರಲೇಬೇಕು. ಆದ್ರೆ ಇನ್ನೊಂದು ಸಲ ನಿರ್ವಾತದಲ್ಲಿ ಕಾಯಿತು ಅಂದ್ರೆ ಮುಗೀತು. ಪದರಾನೇ ಒಡೆದು ಬೇರೆ ಏನೋ ಆಗಿಬಿಡುತ್ತೆ. ಆಮೇಲೆ ದೇವರೇ ಬಂದ್ರೂ ಆಗಲ್ಲ."

ಲೆಬೋನಾ ಎದ್ದು ಅವಳ ತಲೆ ಸವರಿದರು. "ನಿನ್ನ ಕೈ ನಡುಗ್ತಿದೆ ಮಗಳೇ. ಇಂಥ ಕೈಯಲ್ಲಿ ಇಷ್ಟು ದೊಡ್ಡ ಕೆಲಸ ಬೇಡ. ನಾನೇ ಕಾಯಿಸ್ತೀನಿ. ಕೋಶ ಇವತ್ತು ಖಾಲಿ ಇದೆ."

ಅವರಿಗೆ ಕೊಡುವ ಮೊದಲು ಸೆಲ್ಲೋವಾನೆ ಚೂರನ್ನು ಚಿಮುಟದಲ್ಲಿ ಹಿಡಿದು ಹಿಂದೆ ಮುಂದೆ ಒಮ್ಮೆ ತಿರುಗಿಸಿದಳು. ಹಳೆಯ ಚಾಳಿ. ಹಸುವನ್ನು ಬಿಟ್ಟುಕೊಡುವ ಮುನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕದೆ ಅವಳು ಎಂದೂ ಬಿಟ್ಟವಳಲ್ಲ. ಚೂರಿನ ಬೆನ್ನ ಮೇಲೆ ಹಿಟ್ಟು ಎರಚಿದಂತೆ ಬೆಳ್ಳಿಬಣ್ಣದ ಚುಕ್ಕೆಗಳಿದ್ದವು. ಅವಳು ಏನೂ ಹೇಳದೆ ಚೂರನ್ನು ಡಬ್ಬಿಯಲ್ಲಿಟ್ಟು ಲೆಬೋನಾರ ಕೈಗೆ ಕೊಟ್ಟಳು. ಅವರು ಪಡಸಾಲೆಯಾಚೆಯ ಕೋಣೆಗೆ ಹೋದರು.

"ಕೆನೆವೆ, ಪದರದ ಬೆನ್ನಿಗೆ ಬೆಳ್ಳಿ ಹಚ್ತೀಯಾ ನೀನು?"

"ಕೋಶದಲ್ಲಿ ಕೂರಿಸುವಾಗ ಲೋಹದ ತಟ್ಟೆಗೆ ಬೆಳ್ಳಿ ಅಂಟಿನಲ್ಲಿ ಅಂಟಿಸ್ತೀವಿ. ಆಮೇಲೆ ನಾನು ಕೆರೆದು ಕನ್ನಡಿ ಥರ ಮಾಡಿಟ್ಟಿರ್ತೀನಿ. ಯಾಕೆ?"

"ಈಗ ಬೆನ್ನ ತುಂಬ ಚುಕ್ಕೆ ಇದೆ. ಯಾರದೋ ಕೊಳಕು ತಟ್ಟೆ ಮೇಲ್ಗಡೆ ಇಟ್ಟು ಕಾಯಿಸಿದಾರೆ. ಇಲ್ಲಿ ತಟ್ಟೆ ತೊಳೆಯದೇ ಇರೋರು ಯಾರು?"

ಕೆನೆವೆ ಕಣ್ಣೀರಿನ ನಡುವೆಯೇ ಕಿಸಕ್ಕೆಂದಳು. "ಇನ್ಯಾರು? ಟುಮೆಲೊ. ತಟ್ಟೆ ಮೇಲೆ ಹಳೇ ಬೆಳ್ಳಿ ಗಡ್ಡೆ ಕಟ್ಟಿದ್ರೂ ಹಂಗೇ..." ಅಲ್ಲಿಗೆ ಅವಳ ನಗು ನಿಂತಿತು.

ಸೆಲ್ಲೋವಾನೆ ಅವಳ ಮುಖ ನೋಡಲಿಲ್ಲ. "ಕರ್ಕೊಂಡು ಬಾ ಅವನನ್ನ. ಬಿಟ್ಟು ನೀನು ಹೊರಗಿರು."

ಟುಮೆಲೊ ಫಾಕ್ವೆ ಆಯಸ್ಕಾಂತದ ಗುಣ ಅಳೆಯುವ ಯಂತ್ರ ನೋಡಿಕೊಳ್ಳುವವನು, ಎತ್ತರದ ಸಂಕೋಚದ ಹುಡುಗ. ಕೆನೆವೆಯನ್ನು ಕೇಳಲು ಅವನ ಸೋದರಮಾವಂದಿರು ಮಳೆಗಾಲ ಮುಗಿದ ಮೇಲೆ ಬರುವುದೆಂದು ಮಾತಾಗಿತ್ತು. ವಧುದಕ್ಷಿಣೆಯಾಗಿ ಎಷ್ಟು ಹಸು ಕೇಳಬೇಕೆಂದು ಸೆಲ್ಲೋವಾನೆ ಮನಸ್ಸಿನಲ್ಲೇ ಲೆಕ್ಕ ಹಾಕಿಯೂ ಇದ್ದಳು. ಹುಡುಗ ಬೇಡವೆಂದಲ್ಲ, ಒಳ್ಳೆಯವನೇ, ಆದರೂ ಅಕ್ಕನ ಮಗಳನ್ನು ಸುಮ್ಮನೆ ಕೊಟ್ಟುಬಿಡಲು ಅವಳೇನು ದಡ್ಡಿಯಲ್ಲ.

"ಕೂತ್ಕೊ. ಮಕ್ವೆನ್ಯಾ ತಿನ್ನು, ಇನ್ನೂ ಬಿಸಿ ಇದೆ."

ಅವನು ಕೂತು ಒಂದನ್ನು ತೆಗೆದುಕೊಂಡ. ತಿನ್ನಲಿಲ್ಲ.

"ಟುಮೆಲೊ, ಮದುವೆಯಾದ ಮೇಲೆ ಮನೆಯಲ್ಲಿ ತಟ್ಟೆ ಯಾರು ತೊಳೀತೀರಿ?"

"ಹ್ಞಾಂ? ನಾನೇ ತೊಳೀತೀನಿ ಮ್ಮೆ."

"ಸುಳ್ಳು. ಇಲ್ಲೇ ತೊಳೆಯಲ್ಲ, ಅಲ್ಲಿ ತೊಳೀತೀಯಾ? ನಿನ್ನ ತಟ್ಟೆಯ ಬೆಳ್ಳಿ ನನ್ನ ಮಗಳ ಪದರದ ಬೆನ್ನಿಗೆ ಅಂಟಿದೆ."

ಹುಡುಗನ ಕೈಯಲ್ಲಿದ್ದ ಮಕ್ವೆನ್ಯಾ ಹಾಗೇ ಹಿಸುಕಿಹೋಯಿತು. ಸೆಲ್ಲೋವಾನೆ ಕಾದಳು. ಪೊಲೀಸ್ ಕೆಲಸದಲ್ಲಿ ಅವಳು ಕಲಿತ ದೊಡ್ಡ ವಿದ್ಯೆ ಇದೊಂದೇ, ಬಾಯಿ ಮುಚ್ಚಿಕೊಂಡು ಕಾಯುವುದು.

"ಕೆಡಿಸ್ಬೇಕು ಅಂತ ಮಾಡಿದ್ದಲ್ಲ," ಎಂದ ಟುಮೆಲೊ ಕೊನೆಗೆ. "ಪರೀಕ್ಷಕರು ಬರೋ ಹಿಂದಿನ ದಿನ ಸಂಜೆ ಗುಡುಗು ಮಳೆ ಹೊಡೀತಲ್ಲ ಮ್ಮೆ, ಪದರ ಇಟ್ಟಿದ್ದ ಬೀರು ಮೇಲ್ಗಡೆ ಸೂರು ಸೋರ್ತಿತ್ತು. ನೀರು ನೇರ ಬೀರು ಒಳಗೇ ಇಳೀತಿತ್ತು. ಕೆನೆವೆ ಕ್ಲಾಸಲ್ಲಿದ್ಲು. ನೀರು ತಾಗದ ಜಾಗ ಅಂದ್ರೆ ಕೋಶ ಒಂದೇ. ನನ್ನ ತಟ್ಟೆ ಮೇಲಿಟ್ಟು ಅದರೊಳಗೆ ಸೇರಿಸಿದೆ."

"ಹೀಟರ್ ಹಾಕಿದ್ಯಾ?"

"ನಾನ್ಯಾಕೆ ಹಾಕ್ಲಿ? ಲೋಡ್ ಶೆಡ್ಡಿಂಗ್ ಇತ್ತು, ಕಟ್ಟಡಾನೇ ಕತ್ತಲು. ಮಧ್ಯಾಹ್ನ ಬೇರೆ ಪದರ ಬೆಳೆಸೋಕೆ ಹೀಟರ್ ಹಾಕಿದ್ರು. ನಡುವೆ ಕರೆಂಟ್ ಹೋಯ್ತು. ಎಲ್ಲ ಆರಿಹೋಗಿತ್ತಲ್ಲ, ಅದೂ ಆರಿದೆ ಅಂದ್ಕೊಂಡೆ. ಗುಂಡಿ ಒತ್ತಿಯೇ ಇತ್ತು. ಕರೆಂಟ್ ಬಂದ ತಕ್ಷಣ ಅದರ ಪಾಡಿಗೆ ಅದು ಕಾಯೋಕೆ ಶುರು ಮಾಡಿದೆ."

ಸೆಲ್ಲೋವಾನೆಗೆ ನಗು ಬಂದುಬಿಟ್ಟಿತು, ತಡೆದುಕೊಂಡಳು. ದಿನಕ್ಕೆರಡು ಸಲ ಕರೆಂಟ್ ಹೋಗುವ ನಾಡಿನಲ್ಲಿ ಈ ತಪ್ಪು ಮಾಡದವರು ಯಾರಿದ್ದಾರೆ? ಕತ್ತಲಾದಾಗ ಎಲ್ಲವೂ ಆರಿದಂತೆಯೇ. ಅವಳೇ ಒಮ್ಮೆ ಇಸ್ತ್ರಿಪೆಟ್ಟಿಗೆಯನ್ನು ಹಾಗೇ ಬಿಟ್ಟು ಚರ್ಚಿಗೆ ಹೋಗಿ, ಬರುವಷ್ಟರಲ್ಲಿ ಹೊಸ ಉಡುಪಿನ ಬೆನ್ನು ಸುಟ್ಟುಕೊಂಡಿದ್ದಳು.

"ಆದ್ರೂ ಏನೂ ಆಗ್ಬಾರ್ದಿತ್ತು ಮ್ಮೆ," ಟುಮೆಲೊ ಮುಂದೆ ಬಾಗಿದ. "ಕೋಶದೊಳಗೆ ಪದರ ಇದ್ರೆ ಆಕ್ಸಿಜನ್ ತೆರೆದೇ ಇರ್ಬೇಕು, ಅದು ಇಲ್ಲಿಯ ಕಟ್ಟಳೆ. ನಾನು ತೆರೆದಿಟ್ಟೇ ಹೋಗಿದ್ದೆ. ಹೀಟರ್ ಕಾದಿದ್ರೂ ಪದರಕ್ಕೆ ಉಸಿರಿರ್ತಿತ್ತು. ಬೆಳಿಗ್ಗೆ ಬಂದು ನೋಡಿದ್ರೆ ಪಡಸಾಲೆಯ ಸಿಲಿಂಡರ್ ಮುಚ್ಚಿತ್ತು. ಕೋಶ ಬೆಂಕಿ, ಒಳಗೆ ಬರೀ ನಿರ್ವಾತ. ಆರಿಸಿ, ಪದರ ತೆಗೆದು, ಬೀರುವಿನಲ್ಲೇ ಇಟ್ಟುಬಿಟ್ಟೆ. ಏನೂ ಆಗಿರಲ್ಲ ಅಂತ ದೇವರಿಗೆ ಮೊರೆ ಇಟ್ಟೆ."

"ವಾರ ಪೂರ್ತಿ ಅವಳು ಅಳ್ತಿದ್ದದ್ದು ನೋಡ್ಕೊಂಡು ಸುಮ್ಮನಿದ್ದೆ."

"ಇದ್ದೆ."

"ಸಿಲಿಂಡರ್ ಮುಚ್ಚಿದ್ದು ಯಾರು?"

ಅವನು ತಲೆ ಅಲ್ಲಾಡಿಸಿದ.

"ಟುಮೆಲೊ, ನೀನು ಹೇಳದಿದ್ರೆ ಎಲ್ಲ ಕೆನೆವೆ ತಲೆ ಮೇಲೆ ಬೀಳುತ್ತೆ."

"ಹೇಳಿದ್ರೂ ಅವಳ ತಲೆ ಮೇಲೇ ಬೀಳೋದು ಮ್ಮೆ!" ಹುಡುಗನ ಕಣ್ಣು ತುಂಬಿತ್ತು. "ನಾನು ಗೇಟಿನ ಹತ್ರ ಮಳೆ ನಿಲ್ಲಲಿ ಅಂತ ನಿಂತಿದ್ದೆ. ನನ್ನ ನಂತರ ಆ ಪಡಸಾಲೆಯಿಂದ ಹೊರಗೆ ಬಂದದ್ದು ಕೆನೆವೆ ಒಬ್ಬಳೇ. ತಾನೇ ಮುಚ್ಚಿ, ತಾನೇ ಬದಲಾಗಿದೆ ಅಂತ ಕೂಗ್ತಿದಾಳೆ. ಯಾಕೆ ಅಂತ ನನಗೆ ತಿಳೀಲಿಲ್ಲ. ತಿಳಿಯೋದೂ ಬೇಡ ಅನ್ನಿಸ್ತು."

ಬಾಗಿಲು ತೆರೆಯಿತು. ಹೊರಗಿರು ಎಂದರೆ ಹೊರಗಿರುವ ಜಾತಿಯಲ್ಲ ಕೆನೆವೆ. ಇದು ಸೆಲ್ಲೋವಾನೆಗೆ ಗೊತ್ತಿತ್ತು, ಕದದಾಚೆ ಅವಳ ನೆರಳೂ ಕಂಡಿತ್ತು. ಆದರೆ ಒಳಗೆ ಬಂದವಳ ಮುಖದಲ್ಲಿ ಸಿಟ್ಟಿರುತ್ತದೆ ಎಂದುಕೊಂಡಿದ್ದಳು. ಇದ್ದದ್ದು ಬರೀ ಗಾಬರಿ.

"ನಾನೇ ಮುಚ್ಚಿದ್ದು," ಎಂದಳು ಕೆನೆವೆ. "ಹೌದು, ನಾನೇ. ಅದರೊಳಗೆ ನನ್ನ ಪದರ ಇದೆ ಅಂತ ನನಗೇನು ಗೊತ್ತು? ಕೋಶ ಖಾಲಿ ಅಂದ್ಕೊಂಡಿದ್ದೆ. ಖಾಲಿ ಕೋಶಕ್ಕೆ ಸಿಲಿಂಡರ್ ಮುಚ್ಚಿದ್ರೇನು ಬಿಟ್ರೇನು, ಆಮೇಲೆ ಅದು ನೆನಪಿಗೂ ಬರ್ಲಿಲ್ಲ. ಅಯ್ಯೋ ಟುಮೆಲೊ, ಒಂದು ಮಾತು ಕೇಳಬಾರ್ದಿತ್ತಾ ನನ್ನ?"

ಅವಳನ್ನು ಕಾಪಾಡಲು ಅವನು ಬಾಯಿ ಮುಚ್ಚಿಕೊಂಡಿದ್ದ, ಅವಳಿಗೋ ಏನೂ ಗೊತ್ತೇ ಇರಲಿಲ್ಲ, ಇಬ್ಬರೂ ಸೇರಿ ಕೆಡಿಸಿಕೊಂಡಿದ್ದರು. ಸೆಲ್ಲೋವಾನೆಗೆ ಎದೆಯ ಮೇಲಿನ ಬಂಡೆ ಸರಿದಂತಾಯಿತು. ಕಳ್ಳತನವೂ ಇಲ್ಲ, ದ್ವೇಷವೂ ಇಲ್ಲ, ಮಕ್ಕಳ ಬುದ್ಧಿಗೇಡಿತನ. ಸೋಮವಾರ ಸಮಿತಿಯ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿ, ಉಸಿರು ಬಂದ ಪದರವನ್ನು ಮೇಜಿನ ಮೇಲಿಟ್ಟರೆ ಆಯಿತು.

"ಸರಿ ಹೋಯ್ತು ಬಿಡಿ," ಎಂದಳು. "ಆದ್ರೆ ನೀನು ಎಂದೂ ಇಲ್ಲದ್ದು ಅವತ್ತೇ ಯಾಕೆ ಸಿಲಿಂಡರ್ ಮುಚ್ಚೋಕೆ ಹೋದೆ?"

ಕೆನೆವೆ ಅಚ್ಚರಿಯಿಂದ ಅವಳನ್ನು ನೋಡಿದಳು. "ನೀವೇ ಹೇಳಿದ್ರಲ್ಲ ಚಿಕ್ಕಮ್ಮ."

"ನಾನಾ?"

"ಮೆಸೇಜ್ ಮಾಡಿದ್ರಲ್ಲ. ಸಿಡಿಲು ಜೋರಾಗಿದೆ, ಪಡಸಾಲೆಯ ಸಿಲಿಂಡರ್ ಮುಚ್ಚಿ ಬೇಗ ಮನೆಗೆ ಬಾ ಅಂತ. ನಿಮಗೆ ಸಿಡಿಲು ಅಂದ್ರೆ ಭಯ ಅಲ್ವಾ, ನೆಮ್ಮದಿಯಾಗಿರ್ಲಿ ಅಂತ ಮುಚ್ಚಿ ಬಂದೆ."

ಸೆಲ್ಲೋವಾನೆ ಹುಟ್ಟಿದಂದಿನಿಂದ ಯಾರಿಗೂ ಮೆಸೇಜ್ ಮಾಡಿದವಳಲ್ಲ. ಆ ಪುಟ್ಟ ಅಕ್ಷರಗಳ ಮೇಲೆ ಬೆರಳಾಡಿಸುವ ತಾಳ್ಮೆ ಅವಳಿಗಿಲ್ಲ. ಏನಿದ್ದರೂ ಕರೆ ಮಾಡಿ ಗದರುವುದೇ ರೂಢಿ. ಪಡಸಾಲೆಯಲ್ಲಿ ಸಿಲಿಂಡರ್ ಇದೆ ಎಂಬುದೇ ಅವಳಿಗೆ ತಿಳಿದದ್ದು ಈ ವಾರ.

ಆ ಸಂಜೆ ಎಲ್ಲಿದ್ದೆ ಎಂದು ನೆನಪು ಮಾಡಿಕೊಂಡಳು. ಚರ್ಚಿನಲ್ಲಿ, ಹಾಡಿನ ಅಭ್ಯಾಸದಲ್ಲಿ. ಫೋನು ಜೊತೆಯಲ್ಲಿರಲಿಲ್ಲ. ಬ್ಯಾಟರಿ ಸತ್ತಿತ್ತು, ಬೀದಿಯಲ್ಲೆಲ್ಲೂ ಕರೆಂಟ್ ಇರಲಿಲ್ಲ. ದಾರಿಯಲ್ಲಿ ಇಲ್ಲಿಗೇ ಬಂದು, ಇನ್ವರ್ಟರ್ ಇದ್ದ ಒಂದೇ ಕೋಣೆಯಲ್ಲಿ ಅದನ್ನು ಚಾರ್ಜಿಗೆ ಹಾಕಿ ಹೋಗಿದ್ದಳು. ಹಾಡು ಮುಗಿಸಿ ಬಂದಾಗ ಕಣ್ಣು ಮುಚ್ಚಿಹೋಗುವ ಆ ನಗುವಿನೊಂದಿಗೆ ಅದನ್ನು ಅವಳ ಕೈಗಿಟ್ಟದ್ದು ಲೆಬೋನಾ.

ಅವಳಿಗೆ ನಂಬಲು ಇಷ್ಟವಿರಲಿಲ್ಲ. ಇನ್ನೊಂದೇ ಒಂದು ಪ್ರಶ್ನೆ ಉಳಿದಿತ್ತು, ಅದಕ್ಕಾದರೂ ಬೇರೆ ಉತ್ತರ ಬರಲಿ ಎಂದುಕೊಂಡು ಕೇಳಿದಳು.

"ಟುಮೆಲೊ, ಪದರ ಕೋಶದೊಳಗಿಟ್ಟಿದ್ದೀನಿ ಅಂತ ಅವತ್ತು ಯಾರಿಗಾದ್ರೂ ಹೇಳಿದ್ಯಾ?"

"ಪ್ರೊಫೆಸರರಿಗೆ ಒಬ್ಬರಿಗೇ ಮ್ಮೆ. ಕೋಶ ಮುಟ್ಟೋಕೆ ಅವರ ಒಪ್ಪಿಗೆ ಬೇಕಲ್ಲ. ಒಳ್ಳೇದು ಮಾಡಿದೆ, ನೀನು ಹೊರಡು, ನಾನು ನೋಡ್ಕೋತೀನಿ ಅಂದ್ರು. ಆಮೇಲೆ ಹಿಂಗಾಯ್ತು ಅಂತ ಹೇಳಿದ್ದಕ್ಕೆ, ಕೆನೆವೆ ಮಾನದ ಪ್ರಶ್ನೆ, ಬಾಯಿ ಬಿಡ್ಬೇಡ ಅಂದ್ರು."

ಸೆಲ್ಲೋವಾನೆ ಎದ್ದಳು. ಮಂಡಿನೋವು ಎಲ್ಲಿ ಹೋಯಿತೋ, ಪಡಸಾಲೆಯನ್ನು ಓಡಿಯೇ ದಾಟಿದಳು. ಕೋಶದ ಕೋಣೆಯ ಬಾಗಿಲು ತಳ್ಳಿದಳು. ಒಳಗಿನಿಂದ ಚಿಲಕ ಹಾಕಿತ್ತು.

ಕೆನೆವೆ ಅವಳ ಹಿಂದೆಯೇ ಬಂದು, ಗೋಡೆಗೆ ಒರಗಿದ್ದ ಆಕ್ಸಿಜನ್ ಸಿಲಿಂಡರಿನ ಮುಂದೆ ನಿಂತಳು. ಸಿಲಿಂಡರ್ ಪೂರ್ತಿ ತೆರೆದಿತ್ತು. ಅವಳು ಅದರ ಮಾಪಕದ ಮುಳ್ಳನ್ನು ನೋಡಿದಳು, ಕದಕ್ಕೆ ಕಿವಿ ಹಚ್ಚಿದಳು.

"ಚಿಕ್ಕಮ್ಮ, ಮುಳ್ಳು ಅಲುಗ್ತಾನೇ ಇಲ್ಲ. ಒಳಗಡೆ ಆಕ್ಸಿಜನ್ ಬಿಟ್ಟಿಲ್ಲ ಅವರು. ಬರೀ ಪಂಪ್ ಓಡ್ತಿದೆ, ಮತ್ತೆ ನಿರ್ವಾತದಲ್ಲೇ ಕಾಯಿಸ್ತಿದಾರೆ."

ಸೆಲ್ಲೋವಾನೆ ಕದವನ್ನು ಬಡಿಯಲಿಲ್ಲ. ಅಂಗೈಯನ್ನು ಮೆಲ್ಲಗೆ ಅದರ ಮೇಲಿಟ್ಟಳು. ಇಷ್ಟು ವರ್ಷದಲ್ಲಿ ಲೆಬೋನಾರನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.

"ಮೊತ್ಲಾತ್ಸಿ, ಬಾಗಿಲು ತೆಗೀರಿ."

ಒಳಗಿನಿಂದ ಬಂದ ದನಿಯಲ್ಲಿ ಎಂದಿನ ಅಕ್ಕರೆಯೇ ಇತ್ತು.

"ಒಂಚೂರು ತಡಿ ಸೆಲ್ಲೋವಾನೆ. ಇನ್ನೇನು ಮುಗೀತು."